ವಿಮಾನದಲ್ಲಿ ಮಗು ಅತ್ತರೆ ಯಾರು ಉತ್ತರ ಹೇಳಬೇಕು?

ತುಡಿಯಲೂರಿನಿಂದ ಸರವಣಂಪಟ್ಟಿಯ ದಾರಿಯಾಗಿ ಪೀಳಮೇಡಿನ ವಿಮಾನ ನಿಲ್ದಾಣಕ್ಕೆ ಹೊರಟ ಟ್ಯಾಕ್ಸಿಯಲ್ಲಿ ಎರಡು ವರ್ಷದ ಮಗುವಿದ್ದರೆ, ತಂದೆತಾಯಿಯ ಮನಸ್ಸಿನಲ್ಲಿ ಓಡುವ ಚಿಂತೆ ಒಂದೇ. ವಿಮಾನ ಸುಖವಾಗಿ ಇಳಿದೀತೇ ಎಂಬುದಲ್ಲ, ಮಗು ಸುಮ್ಮನಿದ್ದೀತೇ ಎಂಬುದು. ಕ್ರಿಸ್‌ಮಸ್ ರಜೆಗೆ ಬೆಂಗಳೂರಿನ ಅಜ್ಜಿಯ ಮನೆಗೆ ಹೋಗುವವರಿಗೂ ಅದೇ ಅಂಜಿಕೆ, ಶಾರ್ಜಾದಲ್ಲಿ ದುಡಿಯುವ ಗಂಡನ ಬಳಿಗೆ ಕೂಸನ್ನು ಎತ್ತಿಕೊಂಡು ಒಬ್ಬಳೇ ಹೋಗುವ ಹೆಣ್ಣುಮಗಳಿಗೂ ಅದೇ ಅಂಜಿಕೆ. ನಮ್ಮ ಕನ್ನಡ ಕುಟುಂಬಗಳಲ್ಲಿ ಹಿರಿಯರು ಒಂದೂರು, ಕಿರಿಯರು ಇನ್ನೊಂದೂರು. ಹಾಗಾಗಿ ಈ ಪ್ರಯಾಣವನ್ನು ಶೋಕಿ ಎನ್ನಲಾಗದು. ಮೊಮ್ಮಗುವಿನ ಮುಖವನ್ನು ಅಜ್ಜಿ ಫೋನಿನಲ್ಲಷ್ಟೇ ನೋಡುತ್ತಿರಲು ಆಗುವುದಿಲ್ಲ.

ಸೋಜಿಗವೆಂದರೆ ರೈಲಿನಲ್ಲಿ ಈ ಅಂಜಿಕೆ ಅಷ್ಟಾಗಿ ಇಲ್ಲ. ಕೊಯಮತ್ತೂರಿನಿಂದ ಬೆಂಗಳೂರಿಗೆ ಉದಯ್ ಎಕ್ಸ್‌ಪ್ರೆಸ್ಸಿನಲ್ಲಿ ಸುಮಾರು 7 ಗಂಟೆ ಹಿಡಿಯುತ್ತದೆ, ವಿಮಾನಕ್ಕೆ ಒಂದು ಗಂಟೆ ಸಾಕು. ಆದರೂ ಆ ಏಳು ಗಂಟೆಗಿಂತ ಈ ಒಂದು ಗಂಟೆಯೇ ಭಾರ. ರೈಲಿನಲ್ಲಿ ಮಗು ಅತ್ತರೆ ಎದುರಿನ ಸೀಟಿನವರು ಬಿಸ್ಕತ್ತು ಮುಂದೆ ಮಾಡುತ್ತಾರೆ, ಯಾರೋ ಒಬ್ಬರು ಎತ್ತಿಕೊಂಡು ಬಾಗಿಲ ತನಕ ನಡೆದು ಬರುತ್ತಾರೆ, ಕಿಟಕಿಯಲ್ಲಿ ಹಸು ಮೇಕೆ ಕಾಣುತ್ತವೆ. ವಿಮಾನದಲ್ಲಿ ಬೆಲ್ಟು ಕಟ್ಟಿ ಕೂತವರು ಒಬ್ಬರಿಗೊಬ್ಬರು ಮಾತಾಡುವುದಿಲ್ಲ. ಟಿಕೇಟಿನ ಜೊತೆಗೆ ಮೌನವನ್ನೂ ಕೊಂಡಿದ್ದೇವೆ ಎಂಬ ಭಾವನೆ ಎಲ್ಲರಲ್ಲೂ ಹೇಗೋ ಬಂದುಬಿಟ್ಟಿದೆ. ನಿಜವಾಗಿ ಟಿಕೇಟಿನಲ್ಲಿ ಹಾಗೆಲ್ಲೂ ಬರೆದಿಲ್ಲ.

ಹಾಗಾದರೆ ಈ ಅಳುವಿಗೆ ಹೊಣೆ ಯಾರು? ಮಗುವೇ, ತಾಯಿಯೇ, ಅಥವಾ ಹೊಣೆಯೆಂಬ ಮಾತೇ ಇಲ್ಲಿಗೆ ಒಗ್ಗುವುದಿಲ್ಲವೇ?

ಮೊದಲು ಮಗುವಿನ ಕಿವಿಯನ್ನು ವಿಚಾರಿಸೋಣ. ಮೇಟ್ಟುಪಾಳಯಂ ದಾಟಿ ಕೂನೂರು ಘಾಟಿಯ ತಿರುವುಗಳಲ್ಲಿ ಬಸ್ಸು ಏರುವಾಗ ಕಿವಿ ಮುಚ್ಚಿಕೊಂಡು ‘ಟಪ್’ ಎಂದು ತೆರೆದುಕೊಳ್ಳುವುದು ನಮಗೆಲ್ಲ ಗೊತ್ತು. ಉದಕಮಂಡಲವಿರುವುದು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ. ಎತ್ತರದಲ್ಲಿ ಹಾರುವ ವಿಮಾನದ ಒಳಗಿನ ಗಾಳಿಯ ಒತ್ತಡವೂ ಹೆಚ್ಚುಕಡಿಮೆ ಅಂಥ ಬೆಟ್ಟದ ಮೇಲಿನಂತೆಯೇ ಇರುತ್ತದೆ, ಸಾಮಾನ್ಯವಾಗಿ 2,400 ಮೀಟರಿನ ಒಳಗೆ. ಬಸ್ಸು ಎರಡು ಗಂಟೆಯಲ್ಲಿ ಮಾಡುವ ಈ ಏರಿಳಿತವನ್ನು ವಿಮಾನ ಅರ್ಧ ಗಂಟೆಯೊಳಗೆ ಮುಗಿಸುತ್ತದೆ. ಗಂಟಲಿನಿಂದ ನಡುಗಿವಿಗೆ ಹೋಗುವ ಸಣ್ಣ ನಾಳ ಎಳೆಯ ಮಕ್ಕಳಲ್ಲಿ ಇನ್ನೂ ಕಿರಿದು, ಹೆಚ್ಚು ಅಡ್ಡಲಾಗಿರುತ್ತದೆ. ನುಂಗಿದಾಗ, ಆಕಳಿಸಿದಾಗ ಅದು ತೆರೆಯುತ್ತದೆ. ಆಕಳಿಸಿದರೆ ನೋವು ಹೋಗುತ್ತದೆಂದು ನಮಗೆ ಗೊತ್ತು, ಮಗುವಿಗೆ ಗೊತ್ತಿಲ್ಲ. ಅದರಲ್ಲೂ ನೋವು ಹೆಚ್ಚು ಇಳಿಯುವಾಗ. ಇನ್ನೇನು ಮುಗಿಯಿತು ಎಂದು ನಾವು ನಿಟ್ಟುಸಿರು ಬಿಡುವ ಹೊತ್ತಿಗೇ ಮಗು ಚೀರುವುದು ಇದಕ್ಕೇ. ಆಗ ಹಾಲು, ನೀರು, ಎದೆಹಾಲು ಏನಾದರೊಂದನ್ನು ನುಂಗಿಸಬೇಕು.

ಎಲ್ಲ ಅಳುವೂ ಕಿವಿಯದ್ದಲ್ಲ, ಒಪ್ಪೋಣ. ಒಂದೂವರೆಯಿಂದ ಮೂರು ವರ್ಷದ ಮಕ್ಕಳಲ್ಲಿ ಇನ್ನೊಂದು ಬಗೆಯಿದೆ: ಬೆನ್ನು ಬಿಲ್ಲಿನಂತೆ ಬಗ್ಗಿಸಿ, ಕೊಟ್ಟದ್ದನ್ನೆಲ್ಲ ಎಸೆದು, ಬೇಕೆಂದದ್ದನ್ನೂ ಬೇಡವೆನ್ನುವುದು. ಇದಕ್ಕೆ ನಮ್ಮ ತಮಿಳು ನೆರೆಯವರು ‘ಅಡಂ’ ಎನ್ನುತ್ತಾರೆ, ಮಲಯಾಳಿಗಳು ‘ವಾಶಿ’ ಎನ್ನುತ್ತಾರೆ. ಎರಡರಲ್ಲೂ ಹಟದ ಅರ್ಥವೇ ಮುಂದಿದೆ. ಕನ್ನಡದಲ್ಲಿ ಹಟವೂ ಇದೆ, ಅದರ ಪಕ್ಕದಲ್ಲೇ ‘ರಚ್ಚೆ’ ಎಂಬ ಇನ್ನೊಂದು ಮಾತೂ ಇದೆ. ಹಟ ಮಾಡುವವನಿಗೆ ಏನು ಬೇಕೆಂದು ಗೊತ್ತಿರುತ್ತದೆ. ರಚ್ಚೆ ಹಿಡಿದ ಮಗುವಿಗೆ ಅದೂ ಗೊತ್ತಿರುವುದಿಲ್ಲ. ಮಲೆನಾಡಿನವರು ಬಿಡದೆ ಸುರಿಯುವ ಮಳೆಗೂ ರಚ್ಚೆ ಹಿಡಿದಿದೆ ಎನ್ನುವುದುಂಟು. ಮಳೆಯನ್ನು ಯಾರೂ ತಪ್ಪಿತಸ್ಥನೆಂದು ಕರೆಯುವುದಿಲ್ಲ. ಕೊಡೆ ಹುಡುಕುತ್ತಾರೆ. ವಿಮಾನದ ಸೀಟಿನಲ್ಲಿ ಕಾಣುವುದು ಬಹುಪಾಲು ಈ ರಚ್ಚೆಯೇ. ಅವೇಳೆಯಲ್ಲಿ ಎಬ್ಬಿಸಿದ ಮಗು, ಸಾಲಿನಲ್ಲಿ ಕಾದ ಮಗು, ಓಡುವ ಕಾಲುಗಳನ್ನು ಕಟ್ಟಿಹಾಕಿಸಿಕೊಂಡ ಮಗು ಇನ್ನೇನು ಮಾಡೀತು?

ಹಾಗಾದರೆ ಮಕ್ಕಳಲ್ಲಿ ಕೆಡುಕೇ ಇಲ್ಲವೇ ಎಂದು ಕೇಳಬಹುದು. ಸಂತ ಅಗಸ್ಟೀನರು ತಮ್ಮ ‘ನಿವೇದನೆ’ಗಳ ಮೊದಲ ಭಾಗದಲ್ಲಿ ಎಳೆಗೂಸುಗಳ ಬಗ್ಗೆ ಕಟುವಾಗಿಯೇ ಬರೆದಿದ್ದಾರೆ. ಇನ್ನೊಂದು ಕೂಸು ಹಾಲು ಕುಡಿಯುವುದನ್ನು ಕಂಡು ಹೊಟ್ಟೆಕಿಚ್ಚಿನಿಂದ ಬಿಳಿಚಿಕೊಂಡ ಶಿಶುವನ್ನು ಅವರು ಕಂಡಿದ್ದರು. ಕೂಸಿನ ನಿರ್ದೋಷತ್ವ ಇರುವುದು ಕೈಕಾಲಿನ ಬಲಹೀನತೆಯಲ್ಲಿ, ಮನಸ್ಸಿನಲ್ಲಲ್ಲ ಎಂಬುದು ಅವರ ಅಭಿಪ್ರಾಯ. ಓದಿದಾಗ ನಮಗೆ ಮುಜುಗರವಾಗುತ್ತದೆ, ಕಂಡದ್ದು ಸುಳ್ಳೆನ್ನಲೂ ಆಗುವುದಿಲ್ಲ. ಆದರೆ ಅದೇ ಜಾಗದಲ್ಲಿ ಅವರು ಇನ್ನೊಂದು ಮಾತನ್ನೂ ಒಪ್ಪುತ್ತಾರೆ: ವಯಸ್ಸಾದಂತೆ ಇದು ಕಳೆಯುತ್ತದೆಂದು ತಿಳಿದು ಹಿರಿಯರು ಇದನ್ನು ಸೈರಿಸಿಕೊಳ್ಳುತ್ತಾರೆ. ಧರ್ಮಸಭೆಯ ಕಾನೂನಂತೂ ಇನ್ನೂ ಸ್ಪಷ್ಟ. 1983ರ ಧರ್ಮಸಭಾ ಕಾನೂನು ಸಂಹಿತೆಯ 97ನೇ ವಿಧಿಯ ಪ್ರಕಾರ 7 ವರ್ಷ ತುಂಬದ ಮಗುವನ್ನು ತನ್ನ ಕಾರ್ಯಗಳಿಗೆ ತಾನೇ ಹೊಣೆಯೆಂದು ಎಣಿಸುವಂತಿಲ್ಲ. ಪಾಪನಿವೇದನೆಗೂ ಕರೆಯದ ವಯಸ್ಸಿನ ಮಗುವನ್ನು 18ನೇ ಸಾಲಿನ ಪ್ರಯಾಣಿಕರು ಪಾಪಿಯಂತೆ ದಿಟ್ಟಿಸುವುದು ಯಾವ ನ್ಯಾಯ?

ಅಂದ ಮೇಲೆ ತೀರ್ಪು ದೊಡ್ಡವರ ಕಡೆಗೆ ತಿರುಗಬೇಕು. 2024ರ ಆಗಸ್ಟ್ 24ರಂದು ಚೀನಾದಲ್ಲಿ ಗುಯಿಯಾಂಗ್‌ನಿಂದ ಶಾಂಘೈಗೆ ಹೋಗುವ ವಿಮಾನದಲ್ಲಿ ಅಳುತ್ತಿದ್ದ ಸುಮಾರು ಒಂದು ವರ್ಷದ ಮಗುವನ್ನು ಇಬ್ಬರು ಅಪರಿಚಿತ ಹೆಂಗಸರು ಶೌಚಾಲಯದೊಳಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ಅಳು ನಿಲ್ಲಿಸಿದರೆ ಮಾತ್ರ ಹೊರಗೆ ಬಿಡುತ್ತೇವೆ ಎಂದರು. ಅಜ್ಜಿ ಒಪ್ಪಿದ್ದಳಂತೆ. ಆ ಹೆಂಗಸರಲ್ಲೊಬ್ಬಳು ತಾನೇ ಆ ವಿಡಿಯೋವನ್ನು ಹಾಕಿದಳು ಎಂಬುದನ್ನು ಗಮನಿಸಬೇಕು. ಅಂದರೆ ತಾನು ಒಳ್ಳೆಯದನ್ನೇ ಮಾಡಿದೆನೆಂದು ಆಕೆ ನಂಬಿದ್ದಳು. ಅಜ್ಜಿಯ ಒಪ್ಪಿಗೆಯಿಂದ ಕೆಲಸ ಸರಿಯಾಗುವುದಿಲ್ಲ ಎಂದೇ ನಮ್ಮ ಅನಿಸಿಕೆ. ಸುತ್ತಲಿನವರ ನೋಟಕ್ಕೆ ಕುಗ್ಗಿದ ಮುದುಕಿ ಏನಕ್ಕೆ ತಾನೇ ಒಪ್ಪುವುದಿಲ್ಲ?

ನಮ್ಮ ದೇಶದ್ದೇ ಇನ್ನೊಂದು ಘಟನೆಯಿದೆ. ಅದು ಸಾಮಾನ್ಯ ರಚ್ಚೆಯ ಕಥೆಯಲ್ಲ, ಆದರೆ ಪ್ರಶ್ನೆ ಅದೇ. 2022ರ ಮೇ 7ರಂದು ರಾಂಚಿಯಲ್ಲಿ ಹೈದರಾಬಾದಿನ ವಿಮಾನ ಹತ್ತಬೇಕಿದ್ದ ವಿಶೇಷಚೇತನ ಮಗುವೊಂದು ಗಾಬರಿಗೊಂಡಿತ್ತು. ಉಳಿದ ಪ್ರಯಾಣಿಕರ ಸುರಕ್ಷತೆಗಾಗಿ ಎಂದು ಹೇಳಿ ಇಂಡಿಗೋ ಸಿಬ್ಬಂದಿ ಮಗುವನ್ನು ಹತ್ತಿಸಿಕೊಳ್ಳಲಿಲ್ಲ, ತಂದೆತಾಯಿಯೂ ಉಳಿದರು. ಆದರೆ ಯಾರ ಸುರಕ್ಷತೆಯ ಹೆಸರು ಹೇಳಲಾಯಿತೋ ಆ ಪ್ರಯಾಣಿಕರೇ ಮಗುವಿನ ಪರವಾಗಿ ವಾದಿಸಿದರು. ಅವರಲ್ಲಿದ್ದ ವೈದ್ಯರು ಜೊತೆಗಿದ್ದು ನೋಡಿಕೊಳ್ಳುತ್ತೇವೆಂದು ಮುಂದೆ ಬಂದರು. ಆ ತಿಂಗಳ ಕೊನೆಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಸಂಸ್ಥೆಗೆ 5 ಲಕ್ಷ ರೂಪಾಯಿ ದಂಡ ಹಾಕಿತು, ಕರುಣೆಯಿಂದ ನಡೆದುಕೊಂಡಿದ್ದರೆ ಮಗು ಶಾಂತವಾಗುತ್ತಿತ್ತು ಎಂದಿತು. ‘ಬೇರೆಯವರಿಗೆ ತೊಂದರೆ’ ಎನ್ನುವಾಗ ಆ ಬೇರೆಯವರನ್ನು ಒಮ್ಮೆ ಕೇಳಿಯಾದರೂ ನೋಡಬೇಕು.

ಇಷ್ಟಾದರೂ ಮೌನ ಬಯಸುವವರನ್ನು ಕಲ್ಲೆದೆಯವರೆನ್ನುವುದು ಬೇಡ. ರಾತ್ರಿ ಪಾಳಿ ಮುಗಿಸಿ ಬಂದವರಿರುತ್ತಾರೆ, ಸಾವಿನ ಮನೆಗೆ ಹೊರಟವರಿರುತ್ತಾರೆ. 2016ರಲ್ಲಿ ಇದೇ ಇಂಡಿಗೋ ಕೆಲವು ಸಾಲುಗಳಲ್ಲಿ 12 ವರ್ಷದೊಳಗಿನವರನ್ನು ಕೂರಿಸುವುದಿಲ್ಲವೆಂದಾಗ ಗದ್ದಲವಾಯಿತು. ಜಪಾನ್ ಏರ್‌ಲೈನ್ಸ್ ಸೀಟು ಆರಿಸುವಾಗ ಕೂಸುಗಳೆಲ್ಲಿ ಕೂರುತ್ತವೆಂದು ಗುರುತು ತೋರಿಸುತ್ತದೆ. ಇವುಗಳಲ್ಲಿ ನಮಗೆ ದೊಡ್ಡ ದೋಷ ಕಾಣುವುದಿಲ್ಲ. 2024ರ ಡಿಸೆಂಬರಿನಲ್ಲಿ ಬ್ರೆಜಿಲಿನ ಹೆಂಗಸೊಬ್ಬಳು ಅಳುವ ಮಗುವಿಗೆ ತನ್ನ ಕಿಟಕಿ ಸೀಟು ಬಿಟ್ಟುಕೊಡಲಿಲ್ಲ. ಕೊಡದಿದ್ದದ್ದು ಅವಳ ಹಕ್ಕು. ಅವಳನ್ನು ಚಿತ್ರೀಕರಿಸಿ ಲೋಕಕ್ಕೆಲ್ಲ ತೋರಿಸಿ ಬೈಸಿದರಲ್ಲ, ತಪ್ಪಾದದ್ದು ಅಲ್ಲಿ. ಅಳುವ ಮಗುವಿನ ಮೇಲೆ ಮೊಬೈಲ್ ಕ್ಯಾಮೆರಾ ಹಿಡಿಯುವವರಿಗೂ ಇದೇ ಮಾತು.

ಹೆತ್ತವರಿಗೆ ಹೊಣೆ ಇಲ್ಲವೇ? ಇದೆ. ಅಳುವನ್ನು ನಿಲ್ಲಿಸಿಯೇ ತೀರುವ ಹೊಣೆಯಲ್ಲ, ಪ್ರಯತ್ನದ ಹೊಣೆ. ಹತ್ತುವ ಮೊದಲು ನಿಲ್ದಾಣದಲ್ಲಿ ಮಗುವನ್ನು ದಣಿಯುವಷ್ಟು ನಡೆಸುವುದು, ಅದು ಮೊದಲು ಕಾಣದ ಒಂದು ಪುಟ್ಟ ಆಟಿಕೆಯನ್ನು ಚೀಲದಲ್ಲಿ ಮುಚ್ಚಿಟ್ಟುಕೊಳ್ಳುವುದು, ಹಾಲಿನ ಸಮಯವನ್ನು ಇಳಿಯುವ ಹೊತ್ತಿಗೆ ಹೊಂದಿಸುವುದು. ಎರಡು ವರ್ಷದೊಳಗಿನ ಮಗುವಿಗೆ ತೊಡೆಯ ಮೇಲೆಯೇ ಜಾಗ. ಇದರಿಂದ ದುಡ್ಡು ಉಳಿಯುತ್ತದೆ, ಸೊಂಟ ಉಳಿಯುವುದಿಲ್ಲ. ರಚ್ಚೆಯ ನಡುವೆ ಬುದ್ಧಿ ಹೇಳುವುದು ವ್ಯರ್ಥ. ಬಿಗಿದಪ್ಪಿ, ದನಿ ತಗ್ಗಿಸಿ, ಅದು ಇಳಿಯುವವರೆಗೆ ಕಾಯಬೇಕು. ಆದರೆ ಮುಂದಿನ ಸೀಟನ್ನು ಒದೆಯುವುದು ಅಳುವಲ್ಲ, ಅದನ್ನು ತಡೆಯಬಹುದು, ತಡೆಯಲೇಬೇಕು. ಮಗು ಒದೆಯುತ್ತಿರುವಾಗ ತಂದೆ ಫೋನಿನಲ್ಲಿ ಮುಳುಗಿದ್ದರೆ ಮುಂದಿನವರ ಸಿಟ್ಟು ನ್ಯಾಯವಾದದ್ದೇ. ಗಗನಸಖಿ ಹೊರಗೆ ಎಸೆಯುತ್ತಾಳೆ, ಪೊಲೀಸರು ಹಿಡಿಯುತ್ತಾರೆ ಎಂಬ ಹೆದರಿಕೆಗಳನ್ನು ಮನೆಯಲ್ಲೇ ಬಿಟ್ಟು ಬರಬೇಕು.

ಇನ್ನೊಂದು ವಿಷಯವನ್ನು ಬಿಚ್ಚಿ ಹೇಳಬೇಕಿದೆ. ಮಗು ಮಲಗಲೆಂದು ಶೀತದ ಸಿರಪ್ ಕುಡಿಸುವ ಉಪಾಯವನ್ನು ಕೆಲವರು ಒಬ್ಬರಿಂದೊಬ್ಬರಿಗೆ ದಾಟಿಸುತ್ತಾರೆ. ಅಂಥ ಔಷಧಿ ಕೆಲವು ಮಕ್ಕಳನ್ನು ಮಲಗಿಸುವ ಬದಲು ಇನ್ನೂ ಕೆರಳಿಸುತ್ತದೆ, ಪ್ರಮಾಣ ತಪ್ಪಿದರೆ ಅಪಾಯವೂ ಹೌದು. ಅದಕ್ಕಿಂತ ಮುಖ್ಯವಾಗಿ, ಕಾಯಿಲೆಯಿಲ್ಲದ ಮಗುವಿಗೆ ಅಪರಿಚಿತರ ನೆಮ್ಮದಿಗಾಗಿ ಔಷಧಿ ಕೊಡುವುದೆಂದರೆ ಅದರ ದೇಹವನ್ನು ನಮ್ಮ ಮರ್ಯಾದೆಗೆ ಒತ್ತೆಯಿಟ್ಟಂತೆ.

ಮರ್ಯಾದೆಯ ಮಾತು ಬಂತಲ್ಲ. 2019ರಲ್ಲಿ ಸೋಲ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನಾಲ್ಕು ತಿಂಗಳ ಮಗುವಿನೊಂದಿಗೆ ಹೊರಟ ತಾಯಿಯೊಬ್ಬಳು ಸಹಪ್ರಯಾಣಿಕರಿಗೆಲ್ಲ ಮಿಠಾಯಿ, ಕಿವಿಗೆ ಇಟ್ಟುಕೊಳ್ಳುವ ಬಿರಟೆ, ಜೊತೆಗೊಂದು ಕ್ಷಮೆಯ ಚೀಟಿ ಇದ್ದ 200ಕ್ಕೂ ಹೆಚ್ಚು ಪೊಟ್ಟಣ ಹಂಚಿದ್ದು ಸುದ್ದಿಯಾಯಿತು. ಓದಿದವರೆಲ್ಲ ಹೊಗಳಿದರು. ನಮಗೆ ಆ ಮಿಠಾಯಿ ಇಷ್ಟವಾಯಿತು, ಚೀಟಿ ಇಷ್ಟವಾಗಲಿಲ್ಲ. ಇನ್ನೂ ಅಳದ ಮಗುವಿನ ಪರವಾಗಿ ಮೊದಲೇ ಕ್ಷಮೆ ಕೇಳುವ ತಾಯಿ, ಮಗು ಅಲ್ಲಿರುವುದಕ್ಕೇ ಕ್ಷಮೆ ಕೇಳಿದಂತಾಯಿತು. ವಿಮಾನದಲ್ಲಿ ಕೂತ ನೂರೆಂಬತ್ತು ಜನರನ್ನೂ ಒಂದು ಕಾಲದಲ್ಲಿ ಯಾರೋ ಅಳುತ್ತಿರುವಾಗಲೇ ಹೊತ್ತು ತಿರುಗಿದ್ದರು, ಯಾರೋ ಪಕ್ಕದಲ್ಲಿ ಕೂತು ಸಹಿಸಿದ್ದರು. ಅವರಲ್ಲಿ ಬಹುಪಾಲಿನ ಹೆಸರೂ ನಮಗೆ ತಿಳಿಯದು. ಆ ಸಾಲವನ್ನು ಅವರಿಗೇ ತೀರಿಸಲು ದಾರಿಯಿಲ್ಲ, ಈಗ ಪಕ್ಕದ ಸೀಟಿನಲ್ಲಿರುವ ಮಗುವಿಗೆ ಸಲ್ಲಿಸಬಹುದು ಅಷ್ಟೆ.

ನಮ್ಮ ದೇವಾಲಯದಲ್ಲೂ ಇದೇ ಪ್ರಶ್ನೆ ಭಾನುವಾರವೂ ಏಳುತ್ತದೆ. ಮಕ್ಕಳ ಬಲಿಪೂಜೆಯ ಕುರಿತು ರೋಮ್ 1973ರಲ್ಲಿ ಹೊರಡಿಸಿದ ನಿರ್ದೇಶಿಕೆ, ಪೂಜೆಯಲ್ಲಿ ಭಾಗವಹಿಸಲಾರದ ಎಳೆಯರನ್ನು ಬೇರೆಡೆ ಯಾರಾದರೂ ನೋಡಿಕೊಂಡು ಕೊನೆಯ ಆಶೀರ್ವಾದಕ್ಕೆ ಕರೆತರಬಹುದೆಂದು ಹೇಳಿತು. 2014ರ ಜನವರಿಯಲ್ಲಿ ಸಿಸ್ಟೀನ್ ಪ್ರಾರ್ಥನಾಲಯದಲ್ಲಿ ದೀಕ್ಷಾಸ್ನಾನ ನೀಡುವಾಗ ಪೋಪ್ ಫ್ರಾನ್ಸಿಸರು, ಹಸಿದು ಅಳುವ ಮಕ್ಕಳಿಗೆ ಅಲ್ಲಿಯೇ ಹಾಲುಣಿಸಿರಿ ಎಂದು ತಾಯಂದಿರಿಗೆ ಹೇಳಿದರು. ಎರಡೂ ಬೇಕಾದ ಮಾತುಗಳೇ. ತಮಿಳು, ಮಲಯಾಳ, ಇಂಗ್ಲಿಷ್ ಪೂಜೆಗಳ ನಡುವೆ ಕನ್ನಡಕ್ಕೆ ಸೇರುವವರೇ ಕೆಲವರಿರುವಾಗ, ಒಂದು ಮಗು ಅತ್ತರೆ ಪ್ರಬೋಧನೆಯ ನಾಲ್ಕು ಮಾತು ಕೇಳಿಸದೇ ಹೋಗಬಹುದು. ಮಕ್ಕಳೇ ಇಲ್ಲದ ಪೂಜೆ ನಮ್ಮಂಥ ಸಣ್ಣ ಸಮುದಾಯಕ್ಕೆ ಅದಕ್ಕಿಂತ ಹೆಚ್ಚು ಕಳವಳದ ವಿಷಯ. ಚಿಕ್ಕ ಮಕ್ಕಳಿರುವವರು ಬಾಗಿಲ ಬಳಿಯ ಕೊನೆಯ ಬೆಂಚು ಹಿಡಿಯುವುದು ರೂಢಿ. ಅಲ್ಲಿಂದ ಮಗುವಿಗೆ ಕಾಣುವುದು ದೊಡ್ಡವರ ಬೆನ್ನು ಮಾತ್ರ, ಬೇಸರವಾಗದೆ ಇನ್ನೇನು? ಪೀಠವೂ ಮೋಂಬತ್ತಿಗಳೂ ಗುರುಗಳ ಕೈಗಳೂ ಕಾಣುವಂತೆ ಮುಂದಿನ ಎರಡು ಬೆಂಚುಗಳನ್ನು ಅವರಿಗೆ ಬಿಟ್ಟುಕೊಟ್ಟು, ಅಲ್ಲಿ ಕೂರುವ ಹಿರಿಯರು ಒಂದೆರಡು ಸಾಲು ಹಿಂದೆ ಸರಿಯಬಹುದು.