ವಿಮೋಚನೆಯ ದಿನ ಕಸ ಎತ್ತುವವರು

ಅಮೆರಿಕದ ನಗರಾಡಳಿತಗಳು ಜೂನ್ ತಿಂಗಳಲ್ಲಿ ಒಂದು ಪ್ರಕಟಣೆ ಹೊರಡಿಸುತ್ತವೆ. ಜೂನ್ 19ರಂದು ನಗರಾಡಳಿತದ ಕಚೇರಿ, ನ್ಯಾಯಾಲಯ, ಗ್ರಂಥಾಲಯಗಳಿಗೆ ರಜೆ. ಪೊಲೀಸ್, ಅಗ್ನಿಶಾಮಕ ದಳ, ಆಂಬುಲೆನ್ಸ್ ಎಂದಿನಂತೆ. ಬಸ್ಸುಗಳು ಹಲವೆಡೆ ಭಾನುವಾರದ ವೇಳಾಪಟ್ಟಿಯಂತೆ ಓಡುತ್ತವೆ. ಕಸದ ವಿಷಯದಲ್ಲಿ ಮಾತ್ರ ಊರಿಗೊಂದು ರೀತಿ. ಒಂದು ಊರಿನಲ್ಲಿ ಲಾರಿ ಎಂದಿನಂತೆ ಬರುತ್ತದೆ, ಇನ್ನೊಂದರಲ್ಲಿ ಒಂದು ದಿನ ತಡವಾಗಿ. ಬೇರೆ ಯಾವುದೇ ರಜೆಯ ಪ್ರಕಟಣೆಯಾಗಿದ್ದರೆ ನಾವು ಇದನ್ನು ಓದಿ ಮರೆಯುತ್ತಿದ್ದೆವು. ಆದರೆ ಈ ರಜೆ ಗುಲಾಮರ ಬಿಡುಗಡೆಯನ್ನು ನೆನೆಯುವ ರಜೆ. ಜುನ್‌ಟೀಂತ್ ಎಂದು ಅದರ ಹೆಸರು. ಅಂದು ಯಾರು ಮನೆಯಲ್ಲಿರುತ್ತಾರೆ, ಯಾರು ದುಡಿಯುತ್ತಾರೆ ಎಂಬ ಪ್ರಶ್ನೆಯನ್ನು ಬರೀ ಆಡಳಿತದ ಪ್ರಶ್ನೆ ಎಂದು ಬಿಟ್ಟುಬಿಡಲಾಗದು.

ಲಿಂಕನ್‌ರ ವಿಮೋಚನಾ ಘೋಷಣೆ ಜಾರಿಯಾದದ್ದು 1863ರ ಜನವರಿ 1ರಂದು. ಟೆಕ್ಸಾಸ್‌ನ ಗಾಲ್ವೆಸ್ಟನ್‌ಗೆ ಸೇನಾಧಿಕಾರಿ ಗಾರ್ಡನ್ ಗ್ರೇಂಜರ್ ಬಂದು ಬಿಡುಗಡೆಯ ಆದೇಶ ಹೊರಡಿಸಿದ್ದು 1865ರ ಜೂನ್ 19ರಂದು. ನಡುವಿನ ಎರಡೂವರೆ ವರ್ಷ ಅಲ್ಲಿನ ಸುಮಾರು ಎರಡೂವರೆ ಲಕ್ಷ ಮಂದಿ ಕಾಗದದ ಮೇಲೆ ಸ್ವತಂತ್ರರು, ಹತ್ತಿಯ ಹೊಲದಲ್ಲಿ ಗುಲಾಮರು. ಆದೇಶದ ಮೊದಲ ಭಾಗ ಎಲ್ಲರಿಗೂ ಗೊತ್ತು: ಗುಲಾಮರೆಲ್ಲ ಸ್ವತಂತ್ರರು, ಒಡೆಯ ಮತ್ತು ಗುಲಾಮರ ನಡುವೆ ಇನ್ನು ಮುಂದೆ ಇರುವುದು ಕೆಲಸ ಕೊಡುವವ ಮತ್ತು ಕೂಲಿಯವನ ಸಂಬಂಧ. ಎರಡನೇ ಭಾಗವನ್ನು ಉತ್ಸವಗಳಲ್ಲಿ ಅಷ್ಟಾಗಿ ನೆನೆಯುವುದಿಲ್ಲ. ಬಿಡುಗಡೆಯಾದವರು ಈಗಿರುವ ಜಾಗದಲ್ಲೇ ಸುಮ್ಮನಿದ್ದು ಕೂಲಿಗೆ ದುಡಿಯಬೇಕು, ಸೇನಾ ಶಿಬಿರಗಳ ಬಳಿ ಗುಂಪುಗೂಡಬಾರದು, ಸೋಮಾರಿಗಳಾಗಿ ಕೂತವರನ್ನು ಸಾಕಲಾಗದು ಎಂದು ಅದು ಎಚ್ಚರಿಸುತ್ತದೆ. ಹುಟ್ಟಿದಂದಿನಿಂದ ಬಿಟ್ಟಿ ದುಡಿದವರಿಗೆ ಸೋಮಾರಿತನದ ಎಚ್ಚರಿಕೆ! ಅವರ ಬೆವರಿನ ಮೇಲೆ ಕೂತು ಉಂಡವರಿಗೆ ಅಂಥ ಒಂದು ಮಾತೂ ಇಲ್ಲ. ಬಿಡುಗಡೆಯ ಸುದ್ದಿ ಮತ್ತು ಕೆಲಸಕ್ಕೆ ನಡೆಯಿರಿ ಎಂಬ ಬುದ್ಧಿಮಾತು ಒಂದೇ ಕಾಗದದಲ್ಲಿ ಬಂದವು.

ಹಾಗಾದರೆ ಈ ದಿನ ಯಾರೂ ದುಡಿಯಬಾರದೆಂದು ವಾದಿಸೋಣವೇ? ಅದು ಸುಲಭದ ಮಾತು. ಉತ್ಸವಕ್ಕೆ ಹೊರಟ ಮುದುಕಿಗೆ ಬಸ್ಸು ಬೇಕು. ಜೂನ್ ತಿಂಗಳ ಬಿಸಿಲಿಗೆ ತಲೆಸುತ್ತಿ ಬಿದ್ದವನಿಗೆ ಆಂಬುಲೆನ್ಸ್ ಬೇಕು. ಆ ಬಸ್ಸಿನ ಚಾಲಕ ಗುಲಾಮರ ಮೊಮ್ಮಕ್ಕಳ ಮೊಮ್ಮಗನೇ ಆಗಿರುವುದೂ ಅಪರೂಪವಲ್ಲ. ನಗರ ಸಾರಿಗೆ, ಅಂಚೆಯಂಥ ಕೆಲಸಗಳಲ್ಲಿ ಕಪ್ಪು ಜನರ ಪಾಲು ಅವರ ಜನಸಂಖ್ಯೆಯ ಪಾಲಿಗಿಂತ ಹೆಚ್ಚು. ದುಡಿಮೆಯೇ ಗುಲಾಮಗಿರಿಯ ಗುರುತಲ್ಲ. ಇವತ್ತು ಬರಲಾರೆ ಎನ್ನುವ ಹಕ್ಕು ಇಲ್ಲದಿರುವುದು, ದುಡಿದದ್ದರ ಫಲ ಇನ್ನೊಬ್ಬನ ಕಣಜ ಸೇರುವುದು ಅದರ ಗುರುತು.

ಈ ಅಳತೆಗೋಲು ಹಿಡಿದರೆ ಪ್ರಕಟಣೆ ಬೇರೆಯೇ ಆಗಿ ಕಾಣುತ್ತದೆ. 2021ರಲ್ಲಿ ಇದನ್ನು ರಾಷ್ಟ್ರೀಯ ರಜೆ ಮಾಡಿದ ಕಾನೂನು ಖಾಸಗಿ ಮಾಲೀಕರನ್ನು ಕಟ್ಟಿಹಾಕುವುದಿಲ್ಲ. ಅವರು ರಜೆ ಕೊಡಬೇಕೆಂದಾಗಲಿ, ಅಂದು ದುಡಿದವರಿಗೆ ಹೆಚ್ಚು ಕೂಲಿ ಕೊಡಬೇಕೆಂದಾಗಲಿ ಆ ದೇಶದ ಕಾನೂನು ಹೇಳುವುದಿಲ್ಲ. ಸಂಘದ ಬಲವಿರುವ ನೌಕರ ಒಪ್ಪಂದದಲ್ಲಿ ಬರೆಸಿಕೊಳ್ಳುತ್ತಾನೆ. ಗುತ್ತಿಗೆದಾರನ ಕೈಕೆಳಗಿನವನು ಏನು ಮಾಡಬೇಕು? ಕಚೇರಿಯ ಗುಮಾಸ್ತನಿಗೆ ಸಂಬಳದ ರಜೆ, ಅದೇ ಕಚೇರಿಯ ಮುಂದೆ ಗುಡಿಸುವ ಗುತ್ತಿಗೆಯವನು ಮನೆಯಲ್ಲಿ ಉಳಿದರೆ ಆ ದಿನದ ಕೂಲಿ ಖೋತಾ. ಒಬ್ಬನಿಗೆ ಗೌರವವಾದ ರಜೆ ಇನ್ನೊಬ್ಬನಿಗೆ ದಂಡವಾಗುತ್ತದೆ.

ಮೆಂಫಿಸ್ ನಗರ ಇದನ್ನು 1968ರಲ್ಲೇ ಕಂಡಿತ್ತು. ಮಳೆ ಬಂದ ದಿನ ಕಪ್ಪು ಕಾರ್ಮಿಕರಿಗೆ ಪೂರ್ತಿ ಕೂಲಿ ಕೊಡದೆ ಮನೆಗೆ ಕಳಿಸಿ, ಬಿಳಿಯರನ್ನು ಉಳಿಸಿಕೊಂಡಿದ್ದರು. ಅಲ್ಲಿ ವಿಶ್ರಾಂತಿಯೇ ಅವಮಾನ. ಫೆಬ್ರವರಿ 1ರಂದು ಎಕಾಲ್ ಕೋಲ್ ಮತ್ತು ರಾಬರ್ಟ್ ವಾಕರ್ ಎಂಬ ಇಬ್ಬರು ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಬದಿಯಲ್ಲಿ ನಿಂತರು. ಕಸ ಒತ್ತುವ ಯಂತ್ರ ಅವರನ್ನು ಅರೆದುಹಾಕಿತು. ಆ ತಿಂಗಳ 12ರಿಂದ ಸುಮಾರು 1300 ಪೌರಕಾರ್ಮಿಕರು ಕೆಲಸ ನಿಲ್ಲಿಸಿದರು. ಅವರು ಹಿಡಿದ ಫಲಕದ ಮೇಲಿದ್ದದ್ದು ಸಂಬಳದ ಅಂಕಿಯಲ್ಲ, ತಾನೂ ಮನುಷ್ಯ ಎಂಬ ಮಾತು. ಅವರ ಬೆಂಬಲಕ್ಕೆ ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಅದೇ ಊರಿನಲ್ಲಿ ಗುಂಡಿಗೆ ಬಲಿಯಾದರು. ಗ್ರೇಂಜರ್ ಆದೇಶ ಬಂದು ಆಗ 103 ವರ್ಷ ಸಮೀಪಿಸಿತ್ತು.

ಅಮೆರಿಕವನ್ನು ದೂರುವಾಗ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಉತ್ತರ ಕನ್ನಡದ ಸಿದ್ದಿಗಳ ಪೂರ್ವಜರಲ್ಲಿ ಅನೇಕರು ಆಫ್ರಿಕಾದಿಂದ ಗುಲಾಮರಾಗಿ ಬಂದವರು. ಅವರ ಬಿಡುಗಡೆಯನ್ನು ನೆನೆಯುವ ಒಂದು ರಜೆಯೂ ನಮ್ಮ ಕ್ಯಾಲೆಂಡರಿನಲ್ಲಿಲ್ಲ.

ಈ ದಿನವನ್ನು ಮೊದಲು ಆಚರಿಸಿದವರಿಗೆ ಯಾವ ನಗರಾಡಳಿತವೂ ರಜೆ ಕೊಟ್ಟಿರಲಿಲ್ಲ. ಹ್ಯೂಸ್ಟನ್‌ನಲ್ಲಿ ಬಿಡುಗಡೆಯಾದವರು 1872ರಲ್ಲಿ ತಮ್ಮೊಳಗೇ ಹಣ ಕೂಡಿಸಿ ಹತ್ತು ಎಕರೆ ಜಾಗ ಕೊಂಡರು. ಉತ್ಸವಕ್ಕೆ ಬೇರೆ ಜಾಗ ಸಿಗುತ್ತಿರಲಿಲ್ಲ. ಅದೇ ಇಂದಿನ ಎಮ್ಯಾನ್ಸಿಪೇಷನ್ ಪಾರ್ಕ್. ಟೆಕ್ಸಾಸ್ ರಾಜ್ಯ ಈ ದಿನಕ್ಕೆ ರಜೆ ಕೊಡತೊಡಗಿದ್ದು 1980ರಲ್ಲಿ. ಅಲ್ಲಿಯವರೆಗೆ ದಿನಗೂಲಿ ಬಿಟ್ಟು, ಯಜಮಾನನ ಮುನಿಸು ಸಹಿಸಿ ಬಂದವರೇ ಈ ಹಬ್ಬವನ್ನು ಉಳಿಸಿದರು. ಈಗ ಅದು ಕಚೇರಿಯವರ ರಜೆಯಾಗಿ, ದುಡಿಯುವವರ ಪಾಲಿಗೆ ಇನ್ನೊಂದು ಮಾಮೂಲಿ ದಿನವಾಗಿ ಉಳಿದರೆ? ಗ್ರಂಥಾಲಯಕ್ಕೆ ಬೀಗ ಬೀಳುವುದೂ ನಮಗೆ ಇರುಸುಮುರುಸು. ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮನಿಗೆ ಓದು ಕಲಿಸುವುದು ಅಪರಾಧವಾಗಿತ್ತು. ಆ ಚರಿತ್ರೆಯನ್ನು ತೆರೆದು ಓದಬೇಕಾದ ದಿನವೇ ಪುಸ್ತಕದ ಬಾಗಿಲು ಮುಚ್ಚಿರುತ್ತದೆ. ಗ್ರಂಥಪಾಲಕಿಗೂ ವಿಶ್ರಾಂತಿ ಬೇಡವೇ ಎಂದರೆ ನಮ್ಮಲ್ಲಿ ಉತ್ತರವಿಲ್ಲ.

ಕಸದ ಲಾರಿ ಒಂದು ದಿನ ತಡವಾಗಿ ಬರುತ್ತದೆ ಎಂದೆವಲ್ಲ, ಅದರ ಲೆಕ್ಕ ಹೀಗಿದೆ. ಗುರುವಾರ ರಜೆ ಬಂದರೆ ಗುರುವಾರದ ಕಸ ಶುಕ್ರವಾರ, ಶುಕ್ರವಾರದ್ದು ಶನಿವಾರ. ಕೊಟ್ಟ ರಜೆಯನ್ನು ಶನಿವಾರದಲ್ಲಿ ವಾಪಸು ಪಡೆದಂತಾಯಿತು. ತೊಟ್ಟಿಯನ್ನು ಯಾವ ದಿನ ಎಷ್ಟು ಗಂಟೆಯೊಳಗೆ ರಸ್ತೆಗೆ ತಂದಿಡಬೇಕೆಂದು ಪ್ರಕಟಣೆ ಮನೆಯವರಿಗೆ ವಿವರವಾಗಿ ತಿಳಿಸುತ್ತದೆ. ಆ ಶನಿವಾರ ಲಾರಿಯ ಹಿಂದೆ ನಿಂತು ಬರುವವನಿಗೆ ಏನು ಸಿಗುತ್ತದೆ ಎಂಬುದು ಅದರಲ್ಲಿ ಇರುವುದಿಲ್ಲ.