ಅವ್ವನ ಲೆಕ್ಕ

‘ಮಂದಿ ಮಕ್ಕಳ್ನ ನೋಡ್ಕೊಂಡಳು, ಒಂದ್ ರೊಕ್ಕ ಮುಟ್ಟಲಿಲ್ಲ ನೋಡ್ರಿ.’ ನನ್ನ ಅಜ್ಜಿಯ ಬಗ್ಗೆ ನಮ್ಮ ಓಣಿಯಲ್ಲಿ ಈಗಲೂ ಹೇಳುವ ಮಾತಿದು. ಹೇಳುವವರ ದನಿಯಲ್ಲಿ ಭಕ್ತಿಯಿರುತ್ತದೆ. ಆದರೆ ಮಾತು ಸುಳ್ಳು. ಅವಳು ರೊಕ್ಕ ಮುಟ್ಟುತ್ತಿದ್ದಳು, ಎಣಿಸಿಯೇ ಮುಟ್ಟುತ್ತಿದ್ದಳು. ಈ ಸುಳ್ಳು ಹೊಗಳಿಕೆ ಅವಳಿಗೆ ಮಾಡುವ ಗೌರವವೋ ಅನ್ಯಾಯವೋ ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆ.

ಭೀಮರಾಯನಗುಡಿಯನ್ನು ಕಂಡವರಿಗೆ ಗೊತ್ತು, ಅದು ಅಗಸಿ, ಕೋಟೆ ಇರುವ ಹಳೆಯ ಊರಿನಂತಿಲ್ಲ. ಶಹಾಪುರದ ಪಕ್ಕದಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳ ಜೊತೆಗೆ ಬೆಳೆದ ಕ್ಯಾಂಪು. ಸಾಲು ಕ್ವಾರ್ಟರ್ಸು, ನೀರಾವರಿ ಕಚೇರಿಗಳು, ಆಮೇಲೆ ಕೃಷಿ ಕಾಲೇಜು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದ ಯೋಜನೆ ಇದು. ನಾರಾಯಣಪುರದ ಅಣೆಕಟ್ಟು ಮುಗಿದದ್ದು 1982ರಲ್ಲಿ. ಈ ಕಾಲುವೆಗಳ ಮಣ್ಣು ಹೊರಲು ಬಂದವರಲ್ಲಿ ಪಾಲಮೂರಿನವರೂ ಇದ್ದರು, ಅಂದರೆ ಮಹಬೂಬನಗರ ಸೀಮೆಯವರು. ದೇಶದ ಎಷ್ಟೋ ಅಣೆಕಟ್ಟುಗಳಲ್ಲಿ ಪಾಲಮೂರು ಕೂಲಿಗಳ ಬೆವರಿದೆ. ಅಜ್ಜಿ ಹಾಗೆ ಬಂದವಳು. ತೆಲುಗು ಬಿಟ್ಟರೆ ಬೇರೇನೂ ಬಾರದು. ಬುಟ್ಟಿ ಹೊತ್ತು ಸೊಂಟ ಬಿದ್ದ ಮೇಲೆ, ಕೆಲಸಕ್ಕೆ ಹೋಗುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳಲು ಕೂತಳು. ಬೇವಿನ ಕೊಂಬೆಗೆ ಹಳೆ ಸೀರೆಯ ಜೋಳಿಗೆ, ಮಧ್ಯಾಹ್ನಕ್ಕೆ ಜೋಳದ ಅಂಬಲಿ. ಸಂಜೆ ತಲೆ ಎಣಿಸುತ್ತಿದ್ದದ್ದು ತೆಲುಗಿನಲ್ಲಿ. ಹಾಗಾಗಿ ನಮ್ಮ ಓಣಿಯ ಕನ್ನಡದ ಹುಡುಗರೂ ಉರ್ದು ಮನೆಯ ಹುಡುಗರೂ ಮೊದಲು ಕಲಿತ ಅಂಕಿ ಒಕಟಿ, ರೆಂಡು, ಮೂಡು. ಎಲ್ಲರಿಗೂ ಅವಳು ಅವ್ವ.

ಒಂದು ಮಗುವಿಗೆ ದಿನಕ್ಕೆ ಎಂಟಾಣೆ ಎಂದು ನನ್ನ ತಾಯಿ ಹೇಳುತ್ತಾಳೆ. ಅಜ್ಜಿಗೆ ಓದುಬರಹ ಇರಲಿಲ್ಲ. ಮನೆಯ ಹಿಂಗೋಡೆಗೆ ನಿಲ್ಲಿಸಿದ್ದ ಶಹಾಬಾದ್ ಪರಸಿಯೇ ಅವಳ ಖಾತೆ ಪುಸ್ತಕ. ಒಂದು ಮಗುವಿಗೆ ಮೀನಿನ ಗುರುತು, ಇನ್ನೊಂದಕ್ಕೆ ಚಪ್ಪಲಿ, ಮತ್ತೊಂದಕ್ಕೆ ಬರೀ ಒಂದು ಸುತ್ತು. ಅದರ ಮುಂದೆ ದಿನಕ್ಕೊಂದು ಇದ್ದಿಲ ಗೆರೆ. ವಾರದ ಬಟವಾಡೆಯಾದ ಸಂಜೆ ತಾಯಂದಿರು ಬಂದು ದುಡ್ಡು ಕೊಟ್ಟರೆ ಗೆರೆಗಳ ಮೇಲೆ ಅಡ್ಡಗೆರೆ ಎಳೆಯುತ್ತಿದ್ದಳು.

ಅವಳು ತೀರಿಕೊಂಡ ಮೇಲೆ ಈ ಲೆಕ್ಕವನ್ನು ನಮ್ಮ ಮನೆಯವರೇ ಮರೆಸತೊಡಗಿದರು. ದುಡ್ಡಿಗೆ ಮಕ್ಕಳನ್ನು ನೋಡಿದವಳು ಎಂದರೆ ಆಯಾ, ಆಳು. ದುಡ್ಡಿಲ್ಲದೆ ನೋಡಿದವಳು ಎಂದರೆ ತಾಯಿ, ದೇವತೆ. ನೆಂಟರ ನಡುವೆ ಯಾವುದು ಕೇಳಲು ಚೆಂದ ಎಂದು ಬೇರೆ ಹೇಳಬೇಕಿಲ್ಲ.

ಇದೇ ಸೀಮೆಯ ಇನ್ನೊಬ್ಬ ವಲಸಿಗನ ಕಥೆಯನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ಸುರಪುರದ ರಾಜ ಕೃಷ್ಣಪ್ಪ ನಾಯಕ 1842ರಲ್ಲಿ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಹುಡುಗ. ಬ್ರಿಟಿಷರ ಪ್ರತಿನಿಧಿಯಾಗಿ ಬಂದ ಫಿಲಿಪ್ ಮೆಡೋಸ್ ಟೇಲರ್ 1853ರವರೆಗೆ ಸಂಸ್ಥಾನವನ್ನೂ ಹುಡುಗನನ್ನೂ ನೋಡಿಕೊಂಡ. ಹುಡುಗ ಅವನನ್ನು ‘ಅಪ್ಪಾ’ ಎನ್ನುತ್ತಿದ್ದ. ಮುಂದೆ 1858ರಲ್ಲಿ ಅದೇ ಹುಡುಗ ಬ್ರಿಟಿಷರ ವಿರುದ್ಧ ಎದ್ದು, ಸೆರೆಸಿಕ್ಕು, ಗುಂಡೇಟಿನಿಂದ ಸತ್ತ. ಟೇಲರ್ ತನ್ನ ಆತ್ಮಕಥೆಯಲ್ಲಿ ಇದನ್ನೆಲ್ಲ ಬರೆದಿದ್ದಾನೆ. ಅವನು ಸತ್ತ ಮರುವರ್ಷ, 1877ರಲ್ಲಿ ಅದು ಅಚ್ಚಾಯಿತು. ಸುರಪುರದ ಗುಡ್ಡದ ಮೇಲೆ ಅವನ ಬಂಗಲೆ ‘ಟೇಲರ್ ಮಂಜಿಲ್’ ಇವತ್ತಿಗೂ ಇದೆ. ನಮ್ಮ ಕಡೆಯವರು ಅವನನ್ನು ಬೈಯುವುದುಂಟು, ಮೆಚ್ಚುವುದೂ ಉಂಟು. ಸಾಮ್ರಾಜ್ಯದ ನೌಕರನೊಬ್ಬನಿಗೆ ಆ ಮಗುವಿನ ಮೇಲೆ ನಿಜವಾದ ಪ್ರೀತಿ ಇರಲು ಸಾಧ್ಯವೇ ಎಂದು ವಾದಿಸುವವರನ್ನೂ ಕೇಳಿದ್ದೇನೆ. ಆದರೆ ‘ಸಂಬಳ ತಗೊಂಡ, ಅದಕ್ಕೇ ಪ್ರೀತಿ ಸುಳ್ಳು’ ಎಂದು ಯಾರೂ ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಸಾಹೇಬನಿಗೆ ಸಂಬಳ ಸಹಜ. ಎಂಟಾಣೆಯಿಂದ ಕೆಡುವುದು ಬಡ ಹೆಂಗಸಿನ ಪ್ರೀತಿ ಮಾತ್ರ.

ದುಡ್ಡು ಬಂದರೆ ಒಳ್ಳೆಯತನ ಕೆಡುತ್ತದೆ ಎಂಬ ವಾದವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಬ್ರಿಟನ್ನಿನ ರಿಚರ್ಡ್ ಟಿಟ್ಮಸ್ 1970ರ ತನ್ನ ಪುಸ್ತಕದಲ್ಲಿ ರಕ್ತದಾನದ ಬಗ್ಗೆ ಇಂಥದ್ದನ್ನೇ ಹೇಳಿದ: ರಕ್ತಕ್ಕೆ ಬೆಲೆ ಕಟ್ಟಿದರೆ ಕೊಡುವ ಮನಸ್ಸೇ ಸೊರಗುತ್ತದೆ. ರಕ್ತದ ಮಟ್ಟಿಗೆ ಒಪ್ಪೋಣ. ಆದರೆ ರಕ್ತ ಕೊಟ್ಟವನು ಅರ್ಧ ಗಂಟೆ ಮಲಗಿ ಎದ್ದು ತನ್ನ ಸಂಬಳದ ಕೆಲಸಕ್ಕೆ ಹೋಗುತ್ತಾನೆ. ಅಜ್ಜಿಗೆ ಎದ್ದು ಹೋಗಲು ಬೇರೆ ಕೆಲಸವಿರಲಿಲ್ಲ. ಅವಳ ಒಲೆ ಹೊತ್ತುತ್ತಿದ್ದದ್ದು ಅದೇ ಎಂಟಾಣೆಗಳಿಂದ.

ಇದಕ್ಕಿಂತ ಹತ್ತಿರದ ಉದಾಹರಣೆ ನಮ್ಮ ಪಕ್ಕದ ಲಿಂಗಸುಗೂರು ಸೀಮೆಯ ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ವಾಪಸು ಸುರಿದು ಬರಲು ಕಳಿಸಿದ ಕಥೆ ಎಲ್ಲರಿಗೂ ಗೊತ್ತು. ನಾವು ಇದನ್ನು ತ್ಯಾಗದ ಕಥೆಯಾಗಿ ಹೇಳಿಕೊಳ್ಳುತ್ತೇವೆ. ನನಗೆ ಇದು ಅಳತೆಯ ಕಥೆ. ಅವಳು ಅಕ್ಕಿಯೇ ಬೇಡ ಎನ್ನಲಿಲ್ಲ. ಹೆಚ್ಚಿನದ್ದು ಬೇಡ ಎಂದಳು. ದಿನದ ಅಕ್ಕಿ ಮನೆಗೆ ಬರಲೇಬೇಕಿತ್ತು. ಅಜ್ಜಿಗೆ ಲಕ್ಕಮ್ಮನ ಹೆಸರು ಗೊತ್ತಿತ್ತೋ ಇಲ್ಲವೋ, ಪರಸಿಯ ಮೇಲೆ ಬಾರದ ದಿನಕ್ಕೆ ಗೆರೆ ಇರುತ್ತಿರಲಿಲ್ಲ, ಬಂದ ದಿನದ ಗೆರೆ ತಪ್ಪುತ್ತಿರಲಿಲ್ಲ.

ಕಾನೂನಿಗೆ ಇದು ಹೊಳೆದದ್ದು ತಡವಾಗಿ. 2005ರ ಉದ್ಯೋಗ ಖಾತ್ರಿ ಕಾಯ್ದೆ, ಕೆಲಸದ ಜಾಗಕ್ಕೆ ತಾಯಂದಿರ ಜೊತೆ ಐದು ಅಥವಾ ಹೆಚ್ಚು ಸಣ್ಣ ಮಕ್ಕಳು ಬಂದರೆ ಅವರನ್ನು ನೋಡಲು ಒಬ್ಬ ಹೆಂಗಸನ್ನು ನೇಮಿಸಿ ಅವಳಿಗೂ ಕೂಲಿ ಕೊಡಬೇಕು ಎಂದಿತು. ಮಣ್ಣು ಹೊರುವುದೂ ಮಗು ಹೊರುವುದೂ ಒಂದೇ ಕೂಲಿ. ಅಂಗನವಾಡಿಯವರಿಗೆ ಮಾತ್ರ ನಾವಿನ್ನೂ ಕೊಡುವುದು ‘ಗೌರವಧನ’. ಎಂಥ ಜಾಣ ಪದ! ಗೌರವ ದೊಡ್ಡದಿದ್ದಷ್ಟು ಧನ ಸಣ್ಣದಾಗಬಹುದು. ಅವರಿಗೂ ಗ್ರಾಚ್ಯುಟಿಯ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಹೇಳಲು 2022 ಬರಬೇಕಾಯಿತು.

ಪರಸಿಯ ಬಗ್ಗೆ ಇನ್ನೊಂದು ಮಾತು ಉಳಿದಿದೆ. ನಾನು ಸಣ್ಣವನಿದ್ದಾಗ ಅದರ ತಳದಲ್ಲಿ ಒಂದು ಉದ್ದನೆಯ ಸಾಲಿತ್ತು, ಚಪ್ಪಲಿಯ ಗುರುತಿನದು. ಗೆರೆಗಳ ಮೇಲೆ ಎಲ್ಲೂ ಅಡ್ಡಗೆರೆಯಿಲ್ಲ. ಆ ಹುಡುಗಿಯ ತಂದೆ ಮನೆ ಬಿಟ್ಟು ಹೋಗಿದ್ದ, ತಾಯಿಗೆ ಕೊಡಲು ಆಗುತ್ತಿರಲಿಲ್ಲ. ಹುಡುಗಿ ಶಾಲೆಗೆ ಸೇರುವವರೆಗೂ ಬಂದಳು, ಅಂಬಲಿ ಉಂಡಳು, ಜ್ವರ ಬಂದ ರಾತ್ರಿ ಅಜ್ಜಿಯ ಮಗ್ಗುಲಲ್ಲೇ ಮಲಗಿದಳಂತೆ. ಅಜ್ಜಿ ಆ ಸಾಲನ್ನು ಅಳಿಸಲಿಲ್ಲ, ದುಡ್ಡು ಕೇಳಲೂ ಇಲ್ಲ. ಬರೆಯುವುದನ್ನು ಮಾತ್ರ ಬಿಡಲಿಲ್ಲ. ಕರುಣೆ ಎಂದರೆ ಲೆಕ್ಕ ಮರೆಯುವುದು ಎಂದು ತಿಳಿದವರಿಗೆ ಈ ಸಾಲನ್ನು ಓದಲು ಬರುವುದಿಲ್ಲ. ಅದು ಸಾಲವಾಗಿ ಉಳಿದಿತ್ತು. ಆ ತಾಯಿ ಭಿಕ್ಷೆ ಪಡೆದವಳಾಗಲಿಲ್ಲ.

ಈಗ ನಮ್ಮ ಜಿಲ್ಲೆಗೆ ಮಣ್ಣು ಹೊರಲು ಬರುವವರಿಗಿಂತ ಬೆಂಗಳೂರಿಗೆ ಗುಳೆ ಹೋಗುವವರೇ ಹೆಚ್ಚು ಕಾಣುತ್ತಾರೆ. ಮಕ್ಕಳಲ್ಲಿ ಕೆಲವರು ಇಲ್ಲೇ ಉಳಿಯುತ್ತಾರೆ. ಕಳೆದ ಸಲ ಊರಿಗೆ ಹೋದಾಗ ನಮ್ಮ ಹಿಂದಿನ ಸಾಲಿನ ಹೆಂಗಸೊಬ್ಬಳ ಮನೆಯಲ್ಲಿ ನಾಲ್ಕು ಮಕ್ಕಳಿದ್ದವು, ನಾಲ್ಕೂ ಬೇರೆ ಬೇರೆ ಮನೆಯವು. ಎಷ್ಟು ತಗೋತೀಯವ್ವ ಎಂದು ಕೇಳಿದೆ. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದಳು: ‘ತಿಂಗಳಿಗೆ ಒಂದಕ್ಕ ಐನೂರು. ಯಾರ ಮುಂದೂ ಅನಬ್ಯಾಡಪ್ಪ.’