ಚಂಡಮಾರುತದ ಮುನ್ನಾದಿನ

ಆಪತ್ತು ಬರುವುದೆಂದು ಮೊದಲೇ ತಿಳಿದಾಗ ಗೃಹಸ್ಥನ ಕರ್ತವ್ಯವು ಅವನ ಹೊಸ್ತಿಲಿಗೇ ಮುಗಿಯುವುದೇ? ಅಮೆರಿಕೆಯ ದಕ್ಷಿಣ ತೀರದವರಿಗೆ ಇದು ಆಗಾಗ ಎದುರಾಗುವ ಪ್ರಶ್ನೆ. ಗಾಳಿ ಇನ್ನೂ ಸಮುದ್ರದ ಮೇಲಿರುವಾಗಲೇ ಅದರ ದಾರಿಯನ್ನು ಉಪಗ್ರಹಗಳ ನೆರವಿನಿಂದ ಊಹಿಸುತ್ತಾರೆ. ಕಿಟಕಿಗಳಿಗೆ ಹಲಗೆ ಹೊಡೆಯುವುದು, ಸ್ನಾನದ ತೊಟ್ಟಿಯಲ್ಲಿ ನೀರು ತುಂಬಿಡುವುದು, ಮೇಣದ ಬತ್ತಿ, ರೊಟ್ಟಿ, ಔಷಧಿಗಳನ್ನು ತಂದಿರಿಸುವುದು, ಇವೆಲ್ಲ ಉಚಿತವಾದ ಎಚ್ಚರಿಕೆಯೇ ಸರಿ, ಆಸೆಬುರುಕತನವೆನ್ನಲಾಗದು. ಆದರೂ ಅಂಗಡಿಯ ಕೊನೆಯ ರೊಟ್ಟಿಯನ್ನು ಎತ್ತಿಕೊಳ್ಳುವವನಿಗೆ ಹಿಂದೆ ನಿಂತವನ ನೆನಪಿರಬೇಕಷ್ಟೆ!

ಕತ್ರೀನಾ ಎಂಬ ಚಂಡಮಾರುತವು ಎರಗುವ ಮುನ್ನಾದಿನ, ೨೦೦೫ನೆಯ ಆಗಸ್ಟ್ ೨೮ರಂದು, ನ್ಯೂ ಆರ್ಲಿಯನ್ಸ್ ನಗರದವರೆಲ್ಲರೂ ಊರು ಬಿಡತಕ್ಕದ್ದೆಂದು ಆಜ್ಞೆಯಾಯಿತು. ಆಜ್ಞೆ ಎಲ್ಲರಿಗೂ ಒಂದೇ. ವಾಹನ ಮಾತ್ರ ಎಲ್ಲರಲ್ಲಿಯೂ ಇರಲಿಲ್ಲ. ಬಡವರು, ಮುದುಕರು, ರೋಗಿಗಳು ಸಹಸ್ರಗಟ್ಟಲೆ ಉಳಿದುಕೊಂಡರು. ಮರುದಿನ ನೀರು ತಡೆಯುವ ಒಡ್ಡುಗಳು ಒಡೆದು ನಗರದ ನೂರಕ್ಕೆ ೮೦ ಪಾಲು ಜಲಾವೃತವಾಯಿತು. ಸತ್ತವರಲ್ಲಿ ವೃದ್ಧರೇ ಹೆಚ್ಚು. ಹೇಳಿದರೂ ಹೋಗಲಿಲ್ಲವೆಂದು ಅವರನ್ನೇ ದೂರಿದವರುಂಟು. ಆ ದೂರು ನನಗೆ ಸಮ್ಮತವಲ್ಲ. ತನ್ನ ಕಾರಿನಲ್ಲಿ ಸ್ಥಳವಿದ್ದೂ ನೆರೆಮನೆಯ ವೃದ್ಧೆಯ ಬಾಗಿಲು ತಟ್ಟದೆ ಹೊರಟವನು ಆಜ್ಞೆಯನ್ನು ಪಾಲಿಸಿದನು, ನಿಜ. ಬಾಗಿಲು ತಟ್ಟಲು ಅರೆಗಳಿಗೆ ಸಾಕಿತ್ತು. ಗಾಳಿ ಬರಲು ಇನ್ನೂ ಒಂದು ರಾತ್ರಿಯಿತ್ತು.